ಪಕ್ಕಕ್ಕೆ ತಳ್ಳಿದ ಇನ್ನೂರ ಹದಿಮೂರು ಸಾಲುಗಳು

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಈ ದೀಪಗಳ ಕಾವಿನಲ್ಲಿ ಬೆವರುತ್ತಲೇ ನಗುಮುಖ ಇಟ್ಟುಕೊಂಡಿರುವ ಮುಖ್ಯ ಅತಿಥಿಗಳೇ, ನಮ್ಮ ಆಸ್ಪತ್ರೆಯ ವೈದ್ಯರೇ, ದಾದಿಯರೇ, ಮುಂದಿನ ಸಾಲಿನಲ್ಲಿ ಕೂತಿರುವ ನಮ್ಮ ವಿಭಾಗದ ಸಾಹೇಬರೇ, ಊಟದ ಕೋಣೆಗೆ ಹತ್ತಿರವಾಗಲೆಂದು ಹಿಂದಿನ ಬಾಗಿಲ ಬಳಿ ಜಾಗ ಹಿಡಿದಿರುವ ಜಾಣ ಸಭಿಕರೇ,

ನನಗೆ ಕೊಟ್ಟ ಫಲಕದ ಮೇಲೆ ಏನು ಬರೆದಿದೆ ಎಂದು ಮೊದಲು ಓದಿಬಿಡುತ್ತೇನೆ. 'ಮೂರು ವರ್ಷಗಳಲ್ಲಿ ಒಂದೂ ವೈಫಲ್ಯವಿಲ್ಲದ ಸೇವೆಗಾಗಿ.' ಅಕ್ಷರ ಮುದ್ದಾಗಿದೆ, ಮರವೂ ಗಟ್ಟಿಯಾಗಿದೆ. ಸುಳ್ಳನ್ನು ಇಷ್ಟು ಗಟ್ಟಿ ಮರದ ಮೇಲೆ ಕೆತ್ತಿಸಬಾರದಿತ್ತು. ಗಾಬರಿಯಾಗಬೇಡಿ, ಮೈಕ್ ಕೊಟ್ಟಿದ್ದೀರಿ, ಇನ್ನು ಕೇಳಲೇಬೇಕು.

ನಾನು ಇಲ್ಲಿ ಮಾಡುವುದೇನು? ಇಪ್ಪತ್ತೆರಡು ವರ್ಷವಾಯಿತು, ನಿಮ್ಮಲ್ಲಿ ಅರ್ಧ ಜನ ಇವತ್ತಿಗೂ ನನ್ನನ್ನು ಪ್ರಿಂಟರ್ ರಿಪೇರಿಯವನು ಎಂದೇ ತಿಳಿದಿದ್ದೀರಿ. ಕೆಳಗಿನ ಪ್ರಯೋಗಾಲಯದ ಯಂತ್ರ ನಿಮ್ಮ ರಕ್ತ ಪರೀಕ್ಷೆ ಮಾಡುತ್ತದೆ. ಆ ಫಲಿತಾಂಶ ಮೇಲಿನ ವೈದ್ಯರ ಪರದೆಗೆ ತಾನಾಗಿ ನಡೆದು ಬರುವುದಿಲ್ಲ. ಅದನ್ನು ಎತ್ತಿಕೊಂಡು, ತಪಾಸಣೆ ಮಾಡಿ, ಸರ್ವರಿನ ಡೇಟಾಬೇಸಿಗೆ ಹಾಕುವ ಸೂಚನೆಗಳ ಗಂಟೊಂದು ಇರುತ್ತದೆ. ನಾವು ಅದಕ್ಕೆ ಪ್ಯಾಕೇಜ್ ಅನ್ನುತ್ತೇವೆ. ಇಂಥವು ನಲವತ್ತಾರು ಇವೆ. ಅವನ್ನು ಸರ್ವರಿಗೆ ಏರಿಸುವುದು, ಹೊತ್ತುಹೊತ್ತಿಗೆ ಓಡಿಸುವುದು, ಬಿದ್ದರೆ ಎಬ್ಬಿಸುವುದು ನನ್ನ ಕೆಲಸ. ಸರಿಯಾಗಿ ಓಡಿದರೆ ಗೋಡೆಯ ಮೇಲಿನ ಪರದೆಯಲ್ಲಿ ಹಸಿರು. ನಿಂತರೆ ಕೆಂಪು.

ಮೂರು ವರ್ಷದ ಹಿಂದೆ ರಕ್ತ ಪರೀಕ್ಷೆಯ ಪ್ಯಾಕೇಜ್ ವಾರಕ್ಕೆರಡು ಸಲ ಕೆಂಪಾಗುತ್ತಿತ್ತು. ಕಾರಣ ಸಣ್ಣದು. ಹುಟ್ಟಿದ ತಾರೀಕು ಗೊತ್ತಿಲ್ಲದವರು ಬಂದರೆ ಕೌಂಟರಿನಲ್ಲಿ ಆ ಜಾಗ ಖಾಲಿ ಬಿಡುತ್ತಿದ್ದರು. ಡೇಟಾಬೇಸಿನಲ್ಲಿ ಒಬ್ಬ ರೋಗಿಯ ಫಲಿತಾಂಶಕ್ಕೆ ಒಂದು ಸಾಲು; ತಾರೀಕು ಖಾಲಿಯಿದ್ದ ಸಾಲನ್ನು ಅದು ಒಪ್ಪುತ್ತಿರಲಿಲ್ಲ. ಪ್ಯಾಕೇಜ್ ಅಲ್ಲೇ ನಿಲ್ಲುತ್ತಿತ್ತು. ಒಂದು ದಿನ ಮೀಟಿಂಗಿನಲ್ಲಿ ಸಾಹೇಬರು ಗೋಡೆ ನೋಡಿ ಕೇಳಿದರು: "ಒಂದು ಸಾಲಿಗೋಸ್ಕರ ಇಡೀ ಪ್ಯಾಕೇಜ್ ಯಾಕ್ರೀ ನಿಲ್ಬೇಕು? ಆ ಸಾಲನ್ನ ಪಕ್ಕಕ್ಕೆ ತಳ್ಳಿ, ಮುಂದಕ್ಕೆ ಹೋಗ್ತಿರಿ. ನಂಗೆ ಈ ಗೋಡೆ ಹಸಿರಾಗಿ ಕಾಣ್ಬೇಕು ಅಷ್ಟೆ."

ತಳ್ಳಿದೆ. ತಳ್ಳಿದವನು ನಾನೇ, ಬೇರೆ ಯಾರೂ ಅಲ್ಲ. ಒಪ್ಪಿಗೆಯಾಗದ ಸಾಲುಗಳು ಒಂದು ಫೋಲ್ಡರಿಗೆ ಹೋಗಿ ಬೀಳುವಂತೆ ಮಾಡಿದೆ. ಅದಕ್ಕೆ 'ಆಮೇಲೆ ನೋಡುವುದು' ಎಂದು ಹೆಸರಿಟ್ಟೆ. ಮೊದಲ ಎರಡು ತಿಂಗಳು ಪ್ರತಿ ಶುಕ್ರವಾರ ತೆಗೆದು ನೋಡಿ ಕೈಯಾರೆ ಸರಿಪಡಿಸಿದೆ. ಆಮೇಲೆ ಹೊಸ ಸರ್ವರ್ ಬಂತು, ನಲವತ್ತಾರು ಪ್ಯಾಕೇಜುಗಳನ್ನೂ ಅಲ್ಲಿಗೆ ಸಾಗಿಸಬೇಕಾಯಿತು, ಶುಕ್ರವಾರಗಳು ಎಲ್ಲಿ ಹೋದವೋ ಗೊತ್ತಾಗಲಿಲ್ಲ. ಗೋಡೆ ಮಾತ್ರ ಹಸಿರಾಗಿತ್ತು. ಹಸಿರು ಕಂಡರೆ ಯಾರು ತಾನೇ ಎದ್ದು ಹೋಗಿ ನೋಡುತ್ತಾರೆ? ನಾನೂ ನೋಡಲಿಲ್ಲ.

ಇಲ್ಲಿ ನಮ್ಮ ಅಕ್ಕನ ವಿಷಯ ಹೇಳಬೇಕು. ಸಭೆಗೆ ಸಂಬಂಧವಿಲ್ಲ ಅನ್ನಿಸಬಹುದು, ಇದೆ. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಅವಳು. ಶೀಸೆ ಕಾರ್ಖಾನೆಯಲ್ಲಿ ಕೆಲಸ. ಒಂದೊಂದು ಶೀಸೆಯನ್ನೂ ದೀಪಕ್ಕೆ ಹಿಡಿದು ಬಿರುಕು ಹುಡುಕುವುದು. ಬಿರುಕು ಬಿಟ್ಟಿದ್ದನ್ನು ಪಕ್ಕದ ಬುಟ್ಟಿಗೆ ಹಾಕುವುದು. ಪಾಳಿ ಮುಗಿಯುವಾಗ ಆ ಬುಟ್ಟಿಯನ್ನು ಎಣಿಸಿ ಮೇಸ್ತ್ರಿಗೆ ತೋರಿಸದೆ ಅವಳು ಮನೆಗೆ ಬರುವಂತಿರಲಿಲ್ಲ. ಓದು ಬಾರದ ಹೆಂಗಸರಿಗೆ ಇದ್ದ ಈ ಶಿಸ್ತು, ಅವಳು ಓದಿಸಿದ ನನಗೆ ಬರಲಿಲ್ಲವಲ್ಲ, ಎಂಥಾ ನಾಚಿಕೆಗೇಡು.

ಶಾಲೆಗೆ ಸೇರಿಸುವಾಗ ನನಗೊಂದು ಹುಟ್ಟಿದ ತಾರೀಕನ್ನು ಅವಳೇ ಹುಟ್ಟಿಸಿದಳು. ತನಗೆ ಮಾತ್ರ ಹುಟ್ಟಿಸಿಕೊಳ್ಳಲಿಲ್ಲ. ಕೇಳಿದರೆ, "ನಂಗ್ಯಾಕೋ ತಾರೀಕು? ಹುಟ್ಟಿದೀನಲ್ಲ, ಸಾಲ್ದಾ?" ಅನ್ನುತ್ತಿದ್ದಳು.

ಹೋದ ವರ್ಷ ಅವಳ ಕಾಲು ಊದಿತು. ಇಲ್ಲಿಗೇ ಕರೆತಂದೆ. ರಕ್ತ ಕೊಟ್ಟಳು. ಕೌಂಟರಿನವರು ಎಲ್ಲರಿಗೂ ಹೇಳುವ ಮಾತನ್ನೇ ಹೇಳಿದರು: "ಏನಾದ್ರೂ ಇದ್ರೆ ನಾವೇ ಫೋನ್ ಮಾಡ್ತೀವಿ ಅಮ್ಮ." ಫೋನ್ ಬರಲಿಲ್ಲ. ಏನೂ ಇಲ್ಲ ಎಂದುಕೊಂಡೆವು. ಏಳು ತಿಂಗಳಾದ ಮೇಲೆ ಅಡುಗೆಮನೆಯಲ್ಲಿ ಕುಸಿದಳು. ಎರಡೂ ಕಿಡ್ನಿ ಕೈಕೊಟ್ಟಿದ್ದವು. ವೈದ್ಯರು ನನ್ನನ್ನೇ ಗದರಿದರು: "ಮೊದ್ಲೇ ಯಾಕ್ರೀ ಟೆಸ್ಟ್ ಮಾಡಿಸ್ಲಿಲ್ಲ?"

ಮಾಡಿಸಿದ್ದೆ. ಹುಡುಕಿದೆ. ಡೇಟಾಬೇಸಿನಲ್ಲಿ ಇರಲಿಲ್ಲ. ಸಿಕ್ಕಿದ್ದು ನನ್ನ ಫೋಲ್ಡರಿನಲ್ಲಿ. ಹೆಸರಿತ್ತು, ಕಿಡ್ನಿ ಕೆಡುತ್ತಿದೆ ಎಂದು ಹೇಳುವ ಲೆಕ್ಕವಿತ್ತು, ಹುಟ್ಟಿದ ತಾರೀಕು ಖಾಲಿ. ಅವಳ ಜೊತೆಗೆ ಇನ್ನೂ ಇನ್ನೂರ ಹನ್ನೆರಡು ಜನ. ಹೆಚ್ಚಿನವರು ಮುದುಕರು, ಮುದುಕಿಯರು. ಎಲ್ಲರಿಗೂ ಅದೇ ಮಾತು ಹೇಳಿ ಕಳಿಸಿದ್ದೀರಿ, ಏನಾದರೂ ಇದ್ದರೆ ನಾವೇ ಫೋನ್ ಮಾಡುತ್ತೇವೆ ಎಂದು.

ಆ ಪಟ್ಟಿಯನ್ನು ಹೋದ ವಾರವೇ ಸಾಹೇಬರ ಮೇಜಿನ ಮೇಲಿಟ್ಟೆ. ಅವರು ಏನಂದರು ಗೊತ್ತೇ? "ವಾರ್ಷಿಕೋತ್ಸವ ಒಂದು ಮುಗೀಲಿ, ಆಮೇಲೆ ನೋಡೋಣ. ನಿಮಗೂ ಪ್ರಶಸ್ತಿ ಇದೆ, ಹಾಳು ಮಾಡ್ಕೋಬೇಡಿ." ಯಾರ ಮೂಗಿಗೆ ತುಪ್ಪ ಸವರುತ್ತಿದ್ದೀರಿ ಸ್ವಾಮಿ? ಜನ ಮನೆಯಲ್ಲಿ ಕಾಲು ಊದಿಸಿಕೊಂಡು ಕೂತಿದ್ದಾರೆ, ನಾವಿಲ್ಲಿ ಹೂಕುಂಡಗಳಿಗೆ ರಿಬ್ಬನ್ ಕಟ್ಟಿಕೊಂಡು ಚಪ್ಪಾಳೆ ತಟ್ಟಬೇಕೇ?

ಸೋಮವಾರದಿಂದ ನಾನೇ ನನ್ನ ಫೋನಿನಿಂದ ಕರೆ ಮಾಡುತ್ತಿದ್ದೇನೆ. ನಲವತ್ತೊಂದು ಜನರ ಮನೆಗೆ ಮಾಡಿದೆ. ಆರು ಜನರಿಗೆ ತಕ್ಷಣ ಬನ್ನಿ ಎಂದೆ, ಬಂದರು. ಎರಡು ಮನೆಗಳಲ್ಲಿ ಫೋನ್ ಎತ್ತಿದವರು, "ಅವ್ರು ಹೋಗಿ ಆಗ್ಲೇ ನಾಕು ತಿಂಗ್ಳಾಯ್ತು", "ನಮ್ಮತ್ತೆ ತೀರ್ಕೊಂಡ್ರು" ಅಂದರು. ನನ್ನನ್ನು ಬೈಯಲಿಲ್ಲ. ಫೋನ್ ಮಾಡಿದ್ದಕ್ಕೆ ಥ್ಯಾಂಕ್ಸ್ ಅಂದರು. ಬೈದಿದ್ದರೇ ಚೆನ್ನಾಗಿತ್ತು.

ಇವತ್ತು ಬೆಳಗ್ಗೆ ಆ ಪ್ಯಾಕೇಜನ್ನು ಬದಲಾಯಿಸಿದ್ದೇನೆ. ತಾರೀಕು ಖಾಲಿಯಿದ್ದರೂ ಫಲಿತಾಂಶ ವೈದ್ಯರಿಗೆ ಹೋಗುತ್ತದೆ. ಬೇರೆ ಯಾವ ಕಾರಣಕ್ಕೆ ಒಂದೇ ಒಂದು ಸಾಲು ಹೊರಗುಳಿದರೂ ಗೋಡೆ ಕೆಂಪಾಗುತ್ತದೆ, ಸಾಹೇಬರ ಫೋನಿಗೂ ಸಂದೇಶ ಹೋಗುತ್ತದೆ. ಸಾಹೇಬರೇ, ಈಗಷ್ಟೇ ನಿಮ್ಮ ಜೇಬಿನಲ್ಲಿ ಎರಡು ಸಲ ಗುರ್ ಅಂದಿದ್ದು ಅದೇ.

ಅಧ್ಯಕ್ಷರೇ, ಫಲಕ ಇಲ್ಲೇ ಇರಲಿ, ಬದಲಿಗೆ ಈ ಪಟ್ಟಿ ಹಿಡಿಯಿರಿ. ಇನ್ನು ನೂರ ಎಪ್ಪತ್ತೊಂದು ಮನೆಗಳಿವೆ. ಸಭೆಯಲ್ಲಿ ಮುನ್ನೂರು ಜನರಿದ್ದೀರಿ, ಎಲ್ಲರ ಕೈಯಲ್ಲೂ ಫೋನಿದೆ. ತಲೆಗೊಂದು ಹೆಸರು ತೆಗೆದುಕೊಂಡರೆ ಊಟಕ್ಕೆ ಮೊದಲೇ ಮುಗಿಯುತ್ತದೆ. ಯಾರೂ ಕೇಳದಿದ್ದರೂ ನಾವು ತಪ್ಪು ಮಾಡಿದೆವು ಎಂದು ಹೇಳಿ.

ಲೆಕ್ಕ ಹಾಕಿದವರಿಗೆ ಒಂದು ಹೆಸರು ಕಡಿಮೆ ಬರುತ್ತದೆ. ಅದಕ್ಕೆ ನೀವು ಫೋನ್ ಮಾಡಬೇಡಿ. ಅವಳು ಈಗ ಎರಡನೆ ಮಹಡಿಯಲ್ಲಿ ಡಯಾಲಿಸಿಸ್ ಯಂತ್ರದ ಪಕ್ಕ ಮಲಗಿದ್ದಾಳೆ. ತಮ್ಮನಿಗೆ ಪ್ರಶಸ್ತಿ ಎಂದು ಬೆಳಗ್ಗೆಯಿಂದ ದಾದಿಯರಿಗೆಲ್ಲ ಹೇಳಿಕೊಂಡಿದ್ದಾಳಂತೆ. ಅವಳ ರಿಪೋರ್ಟು ಎಲ್ಲಿತ್ತು ಎಂದು ನಾನು ಅವಳಿಗೆ ಇನ್ನೂ ಹೇಳಿಲ್ಲ. ನಿಮ್ಮೆಲ್ಲರಿಗೂ ಹೇಳಿದೆ, ಅವಳಿಗೆ ಹೇಳಿಲ್ಲ. ಈಗ ಮೇಲೆ ಹೋಗುತ್ತೇನೆ.

ಇಷ್ಟು ಹೊತ್ತು ಎದ್ದು ಹೋಗದೆ ಕೂತು ಕೇಳಿದಿರಿ, ನಿಮಗೆ ನಾನು ಕೃತಜ್ಞ. ನಮಸ್ಕಾರ.