ನೊರೆ ಬಾರದ ಸ್ನಾನ

ತಲೆ ಎತ್ತಬೇಡ. ಎತ್ತಬೇಡ ಅಂದ್ನಲ್ಲ ತಮೇಕಾ, ಕಣ್ಣಿಗೆ ಹೋಗತ್ತೆ... ಹೋದ್ರೂ ಉರಿಯಲ್ಲ ಅನ್ನು, ಇದೇನು ಶಾಂಪೂನಾ? ಆದ್ರೂ ಬೇಡ. ಸಿಂಕಿನ ಅಂಚು ಎದೆಗೆ ಒತ್ತುತ್ತಾ? ಟವೆಲ್ಲು ಇನ್ನೊಂದು ಮಡಿಕೆ ಮಾಡಿ ಇಡ್ಲಾ? ಹೂಂ ಅಂತಾದ್ರೂ ಅನ್ನೇ ಮಹರಾಯ್ತಿ. ಬಂದಾಗಿನಿಂದ ನೋಡ್ತಿದೀನಿ, ಬಾಯಿಗೆ ಬೀಗ ಹಾಕ್ಕೊಂಡು ಬಂದವಳ ಥರ ಇದೀಯ.

ಆಯ್ತು, ಮಾತಾಡಬೇಡ. ನಾನೇ ಆಡ್ತೀನಿ. ನಂಗೆ ಕೈ ಆಡಬೇಕು ಅಂದ್ರೆ ಬಾಯೂ ಆಡಬೇಕು, ನಿಂಗೆ ಗೊತ್ತಲ್ಲ.

ಐದೇ ನಿಮಿಷ ಅಂದೆ ನೀನು. ನೋಡ್ಕೊಂಡು ಹೋಗೋಣ ಅಂತ ಬಂದೆ ಅಂದೆ. ಅತ್ತೆ ಮನೆಗೆ ಐದು ನಿಮಿಷಕ್ಕೆ ಬರ್ತಾರಾ ಯಾರಾದ್ರೂ? ಅದೂ ಈ ತಲೆ ಇಟ್ಕೊಂಡು? ರುಮಾಲು ಬಿಚ್ಚಿ ನೋಡಿದ್ನಲ್ಲ ಕಣೇ. ಎಷ್ಟು ದಿನ ಆಯ್ತು ಇದಕ್ಕೆ ನೀರು ಬಿದ್ದು? ಹಿಂದುಗಡೆ ಎಲ್ಲಾ ಸಿಕ್ಕುಗಟ್ಟಿ ಕಂಬಳಿ ಆಗಿಹೋಗಿದೆ. ನೀನಾ ಇದು? ಒಂದೊಂದು ಎಳೆಗೂ ನೆಂಟರಿಗೆ ಮಾಡಿದ ಹಾಗೆ ಉಪಚಾರ ಮಾಡ್ತಿದ್ದವಳು!

ಈ ಕಂಡಿಷನರ್ ಬಾಟ್ಲೀನ ಈ ಮನೆಗೆ ತಂದಿದ್ದೇ ನೀನು. ಮದುವೆಯಾದ ವರ್ಷ. ಮಿಸ್ ವರ್ನೆಲ್, ಶಾಂಪೂ ಬಿಟ್ಬಿಡಿ, ನಮ್ಮ ಕಪ್ಪು ಜನರ ಕೂದಲಿಗೆ ಅದು ಆಗಿಬರಲ್ಲ, ಇರೋ ಚೂರುಪಾರು ಎಣ್ಣೆ ಪಸೇನೂ ದೋಚ್ಕೊಂಡು ಹೋಗತ್ತೆ, ಬರೀ ಈ ಕಂಡಿಷನರಲ್ಲೇ ತೊಳ್ಕೊಳ್ಳಿ, ಕೊಳೆ ತೆಗ್ಯೋದೂ ಅದೇ, ಮೆತ್ತಗೆ ಮಾಡೋದೂ ಅದೇ ಅಂದೆ. ಅಮ್ಮ ಅಂತ ಕರಿ ಅಂತ ಎಷ್ಟು ಸಲ ಹೇಳಿದೀನಿ, ನಿಂಗೆ ನಾನು ಇವತ್ತಿಗೂ ಮಿಸ್ ವರ್ನೆಲ್ಲೇ. ಇರ್ಲಿ. ನಾನು ನಕ್ಕಿದ್ದೆ. ನೊರೆ ಬರದೆ ಕೊಳೆ ಹೋಗತ್ತಾ, ಹಾಲಲ್ಲಿ ಪಾತ್ರೆ ತೊಳೆದ ಹಾಗಾಯ್ತು ಅಂದಿದ್ದೆ.

ಆಮೇಲೆ ಇದೇ ಸಿಂಕಿಗೆ ನನ್ನ ತಲೆ ಬಗ್ಗಿಸಿದೆ. ಹುಟ್ಟಿದಾಗಿನಿಂದ ಈ ಕೂದಲನ್ನ ಒಲೆ ಮೇಲೆ ಕಾಯಿಸಿದ ಕಬ್ಬಿಣದ ಬಾಚಣಿಗೇಲಿ ಎಳೆದಿದ್ರು. ಕಿವಿ ಸುಟ್ಕೊಂಡಿದ್ದೆ. ಆಮೇಲೆ ನೆಟ್ಟಗೆ ಮಾಡೋ ಕ್ರೀಮು, ನೆತ್ತಿ ಎಲ್ಲಾ ಬೊಬ್ಬೆ. ನೀನು ತೊಳೆದು, ಕೈಯಲ್ಲಿ ಹಿಂಡಿ ಬಿಟ್ಟೆ ನೋಡು... ಕನ್ನಡೀಲಿ ನೋಡಿದ್ರೆ ಗುಂಗುರು! ನನ್ನ ತಲೇಲಿ ಗುಂಗುರಿದೆ ಅಂತ ಮುದುಕಿಯಾಗೋ ಹೊತ್ತಿಗೆ ನಂಗೆ ತೋರಿಸಿದವಳು ನೀನು. ಮರೆತಿಲ್ಲ ನಾನು. ಚರ್ಚಿನಲ್ಲಿ ಎಲ್ಲರಿಗೂ ಹೇಳಿದೀನಿ, ನನ್ನ ಸೊಸೆ ಕೈಗುಣ ಅಂತ.

ಇನ್ನೊಂಚೂರು ಹಾಕ್ತೀನಿ. ತಣ್ಣಗಿದೆಯಾ? ಬೆರಳಲ್ಲೇ ಬಿಡಿಸ್ತೀನಿ, ಬಾಚಣಿಗೆ ಈಗಲೇ ಬೇಡ. ತುದಿಯಿಂದ ಬುಡಕ್ಕೆ, ನೀನು ಹೇಳ್ಕೊಟ್ಟ ಹಾಗೇ... ಇದೇನಿದು?

ಅಲ್ಲಾಡಬೇಡ. ಇದು, ಕಿವಿ ಹಿಂದೆ... ನೋಯ್ತಾ? ಊದಿಕೊಂಡಿದೆಯಲ್ಲೇ ಇಷ್ಟು ದಪ್ಪಕ್ಕೆ. ಬೀರು ಬಾಗಿಲು ತಾಗ್ತಾ? ಹೂಂ... ತಾಗತ್ತೆ, ತಾಗತ್ತೆ. ಕೆಲವು ಮನೇಲಿ ಬೀರು ಬಾಗಿಲುಗಳಿಗೆ ಅದೇ ಕೆಲಸ.

ನೋಡು, ನನ್ನ ಮಗ ಡ್ವೇನ್ ಕೆಟ್ಟವನಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತೀಯೇನೋ, ಅನ್ನು. ಗೋದಾಮಿನಲ್ಲಿ ಹಗಲಿಡೀ ಭಾರ ಎತ್ತಿ ಬರ್ತಾನೆ, ಮೇಲಿನವನು ಬೈದಿರ್ತಾನೆ, ಅದನ್ನೆಲ್ಲ ಎಲ್ಲಿ ಇಳಿಸಬೇಕು ಹೇಳು? ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ. ಬೆಳಗ್ಗೆ ಎದ್ದು ಅವನೇ... ಯಾಕೆ ಬೆನ್ನು ಹಾಗೆ ಬಿಗಿ ಮಾಡಿದೆ? ಸಡಿಲ ಬಿಡು. ನೋಯೋ ಕಡೆ ಮುಟ್ಟಲ್ಲ. ಸುತ್ತ ಮಾತ್ರ ಉಜ್ಜುತೀನಿ, ಮೆಲ್ಲಗೆ.

ಸಿಮೋನ್ ಎಲ್ಲಿ, ಮೊಮ್ಮಗಳನ್ನ ಯಾಕೆ ಕರ್ಕೊಂಡು ಬರ್ಲಿಲ್ಲ ಅಂದ್ರೆ ಪಕ್ಕದ ಮನೇಲಿ ಆಡ್ತಿದಾಳೆ ಅಂದೆ. ನಾನೂ ಹೂಂ ಅಂದೆ. ಆದ್ರೆ ಜಗಲಿ ಮೇಲೆ ಇಟ್ಟು ಬಂದೆಯಲ್ಲ ಆ ಬ್ಯಾಗು, ಅದರ ಜಿಪ್ಪು ಪೂರ್ತಿ ಹಾಕಿಲ್ಲ ನೀನು. ರಾತ್ರಿ ಕೂದಲು ಸಿಕ್ಕಾಗದ ಹಾಗೆ ಮಗುವಿಗೆ ಹಾಕೋ ಮಲಗೋ ಟೋಪಿ ಇಣುಕ್ತಿತ್ತು. ಆ ಹಳದಿ ರೇಷ್ಮೆದು, ನಾನೇ ಹೊಲಿದಿದ್ದು. ಪಕ್ಕದ ಮನೇಲಿ ಆಡೋ ಮಗುವಿಗೆ ಮಲಗೋ ಟೋಪಿ ಯಾಕೆ ಬೇಕು ತಮೇಕಾ? ನಮ್ಮ ಮನೆ ಹೆಣ್ಣುಮಕ್ಕಳು ಆ ಟೋಪಿ ಬ್ಯಾಗಿಗೆ ಹಾಕ್ಕೊಂಡು ಹೊರಟ್ರು ಅಂದ್ರೆ ರಾತ್ರಿ ಬೇರೆ ಊರಲ್ಲಿ ಅಂತ ಅರ್ಥ.

ಡೆಟ್ರಾಯಿಟ್ ತಾನೇ? ನಿನ್ನ ಅಕ್ಕನ ಹತ್ರ? ಮಧ್ಯಾಹ್ನದ ಬಸ್ಸು. ಮೆಂಫಿಸ್ ಬಿಟ್ಟು ಹೋಗೋರೆಲ್ಲ ಅದಕ್ಕೇ ಹೋಗೋದು.

ತಲೆ ಎತ್ತಬೇಡ ಅಂದೆ! ಎತ್ತಿದ್ರೆ ಬಟ್ಟೆ ಎಲ್ಲಾ ಹಾಳು. ನಾನೇನು ಅಂದೆ ಈಗ? ಹೋಗಬೇಡ ಅಂದ್ನಾ? ತಲೆ ತೊಳ್ಕೊಂಡು ಹೋಗು ಅಂತಿದೀನಿ. ಇಂಥ ತಲೇಲಿ ಅಕ್ಕನ ಮನೆ ಬಾಗಿಲಲ್ಲಿ ನಿಂತ್ರೆ ಏನಂದಾರು? ವರ್ನೆಲ್ ಮನೇಲಿ ಸೊಸೆಗೆ ಒಂದು ತಂಬಿಗೆ ನೀರಿಗೂ ಗತಿ ಇರ್ಲಿಲ್ಲ ಅಂತಾರೆ.

ಹೆದರಬೇಡ. ಇಲ್ಲಿ ಯಾರೂ ಬರಲ್ಲ. ನಮ್ಮಮ್ಮನ ಕಾಲದ ಕಾಯ್ದೆ ಗೊತ್ತಲ್ಲ, ಹೆಂಗಸರು ತಲೆ ತೊಳ್ಯೋ ದಿನ ಗಂಡಸು ಅಡುಗೆಮನೆ ಹೊಸಿಲು ದಾಟೋ ಹಾಗಿಲ್ಲ. ಡ್ವೇನ್ ಅಪ್ಪ, ಹರ್ಷೆಲ್, ಎಂಥ ಮನುಷ್ಯ ಅಂತ ನಿಂಗೆ ಗೊತ್ತಿಲ್ಲ, ನೀನು ಬರೋ ಹೊತ್ತಿಗೆ ತೀರ್ಕೊಂಡಿದ್ದ. ಅವನಿಗೆ ದೇವರು ದಿಂಡರು ಯಾರ ಭಯವೂ ಇರ್ಲಿಲ್ಲ. ಆದ್ರೆ ಅವನೂ ಈ ಹೊಸಿಲ ಆಚೆ ನಿಂತೇ ಊಟ ಕೇಳ್ತಿದ್ದ. ಹೆಂಗಸರ ತಲೆ ಬಿಚ್ಚಿರೋವಾಗ ನೋಡಿದ ಗಂಡಸಿಗೆ ಒಳ್ಳೇದಾಗಲ್ಲ ಅಂತ ಅವರಮ್ಮನೂ ಹೇಳಿದ್ಲಂತೆ. ಈ ಮನೇಲಿ ಇದೊಂದು ಜಾಗ, ಇದೊಂದು ದಿನ, ನನ್ನ ಮೇಲೆ ಯಾರೂ ಕೈ ಎತ್ತಿದ್ದಿಲ್ಲ. ಅದಕ್ಕೇ ವಾರಕ್ಕೆ ಮೂರು ಸಲ ತೊಳೀತಿದ್ದೆ ನಾನು. ತಲೆ ಕೊಳೆಯಾಗಿತ್ತು ಅಂತಲ್ಲ.

ಏನು? ಏನಾದ್ರೂ ಅಂದ್ಯಾ? ನೀರಿನ ಸದ್ದು.

ಸರಿ, ಈಗ ಈ ಪ್ಲಾಸ್ಟಿಕ್ ಟೋಪಿ ಹಾಕ್ತೀನಿ. ಎದ್ದೇಳು, ಮೆಲ್ಲಗೆ. ಕುರ್ಚಿ ಇಲ್ಲಿದೆ. ಟವೆಲ್ಲು ಹೆಗಲಿಗೆ. ಮುಕ್ಕಾಲು ಗಂಟೆ ಹೀಗೇ ಕೂತಿರು. ನೆನೀಬೇಕು. ಅಷ್ಟರಲ್ಲಿ ನಿಂಗೆ ತಿನ್ನೋಕೆ ಬಿಸಿ ಮಾಡ್ತೀನಿ, ನಿನ್ನೆಯ ಸೊಪ್ಪಿದೆ, ಮೆಕ್ಕೆಜೋಳದ ರೊಟ್ಟಿ ಇದೆ.

ಮಧ್ಯದಲ್ಲಿ ಏಳೋ ಹಾಗಿಲ್ಲ ಮತ್ತೆ. ಇದನ್ನ ತೊಳೀದೆ ಬಿಟ್ರೆ ಒಣಗಿ ಗಟ್ಟಿಯಾಗತ್ತೆ. ಆಮೇಲೆ ಬಾಚಿದ್ರೆ ಬುಡಸಮೇತ ಕಿತ್ತು ಬರತ್ತೆ. ಬಸ್ಸು ಸಂಜೇನೂ ಇರತ್ತೆ, ನಾಳೇನೂ ಇರತ್ತೆ. ಕೂದಲು ಹೋದ್ರೆ ಬರತ್ತಾ?

ಯಾಕೆ ಹಾಗೆ ನೋಡ್ತೀಯ?

ಬಾಟ್ಲಿ ಮೇಲೆ ಮೂರು ನಿಮಿಷ ಅಂತಿದೆ, ಹೌದು. ಬರೆದೋರಿಗೇನು, ಬರೀತಾರೆ. ನಿನ್ನ ತಲೆ ಈಗಿರೋ ಸ್ಥಿತೀಲಿ ಮೂರು ನಿಮಿಷ ಎಲ್ಲಿ ಸಾಕು? ನೀನೂ ಆವತ್ತು ನಂಗೆ... ಏನೋ ಹೇಳಿದ್ದೆ. ನೆನಪಿಲ್ಲ.

ರೊಟ್ಟಿ ತಗೋ. ಬೇಡ್ವಾ? ಟೀ? ಸಕ್ಕರೆ ಜಾಸ್ತಿ ಹಾಕಿದೀನಿ, ನಿಂಗೆ ಇಷ್ಟ ಅಂತ. ಕತ್ತಿನ ಹತ್ರ ಇಳೀತಿದೆ ನೋಡು, ಒರೆಸ್ಕೋ. ನಾನೇ ಒರೆಸ್ತೀನಿ ಇರು. ಯಾಕೆ ಸರಿದೆ?

ಕಿಟಕಿ ಕಡೆ ಏನಿದೆ ನೋಡೋಕೆ? ಯಾರೂ ಬಂದಿಲ್ಲ. ಬಂದಿಲ್ಲ ಅಂದ್ರೆ... ಯಾರು ಬರ್ತಾರೆ ಶನಿವಾರ?

ತಮೇಕಾ, ಏನಾದ್ರೂ ಕೇಳು. ಟವೆಲ್ಲು ತರೋಕೆ ಒಳಗೆ ಹೋದವರು ಅಷ್ಟು ಹೊತ್ತು ಏನು ಮಾಡ್ತಿದ್ರಿ ಮಿಸ್ ವರ್ನೆಲ್ ಅಂತ ಕೇಳು. ಕೇಳಿದ್ರೆ ಒಂದು ಸುಳ್ಳು ರೆಡಿ ಇಟ್ಕೊಂಡಿದೀನಿ, ಟವೆಲ್ಲು ಬೀರುವಿನ ತಳದಲ್ಲಿತ್ತು ಅಂತ. ನೀನು ಹೀಗೆ ಸುಮ್ನೆ ಕೂತ್ರೆ ಅದನ್ನ ಯಾರಿಗೆ ಹೇಳ್ಲಿ ನಾನು?

ಅಲ್ಲಿ ನೋಡಬೇಡ. ನನ್ನ ಕಿವಿ ಹತ್ರ ನೋಡಬೇಡ... ನಂಗೊತ್ತು. ಆವತ್ತು ನನ್ನ ತಲೆ ತೊಳೆದಾಗ ನಿನ್ನ ಬೆರಳು ಇಲ್ಲಿ ಬಂದು ನಿಂತಿತ್ತು. ಈ ಹಳೇ ಗಾಯದ ಗೀರಿನ ಮೇಲೆ. ನಾನು ಬೀರು ಬಾಗಿಲು ಅನ್ನೋಕೆ ಬಾಯಿ ತೆರೆದೆ, ಅಷ್ಟರಲ್ಲಿ ನೀನು ನೀರು ಜಾಸ್ತಿ ಬಿಟ್ಟೆ. ಏನೂ ಕೇಳ್ಲಿಲ್ಲ.

ಫೋನ್ ಮಾಡ್ದೆ ಕಣೇ. ಡ್ವೇನ್‌ಗೆ. ನಿನ್ನ ಹೆಂಡ್ತಿ ಹೊರಟು ನಿಂತಿದಾಳೆ, ನಾನು ತಲೆ ತೊಳೀತಾ ಹಿಡ್ಕೊಂಡಿರ್ತೀನಿ, ಬೇಗ ಬಾ ಅಂದೆ. ಹೀಗೆ ಅರ್ಧ ತೊಳೆದ ತಲೇಲಿ ನಮ್ಮವಳು ಯಾವಳೂ ಬೀದಿಗೆ ಇಳಿಯಲ್ಲ, ಅದನ್ನ ನಂಬ್ಕೊಂಡೇ ಸಿಂಕಿಗೆ ಬಗ್ಗಿಸಿದೆ. ಮಗುವಿನ ಮುಖ ಮತ್ತೆ ನೋಡೋಕೆ ಸಿಗತ್ತೋ ಇಲ್ವೋ ಅಂತ... ಒಬ್ಬಳೇ ಮೊಮ್ಮಗಳು ಕಣೇ ನಂಗೆ. ಬೈ. ಬೈದುಬಿಡೇ ಒಂದು ಸಲ!

ನೀನು ಬಂದಿದ್ದೇ ಹೇಳಿ ಹೋಗೋಕೆ. ಹೇಳದೆ ಹೋಗಿದ್ರೆ ಈ ಹೊತ್ತಿಗೆ ಬಸ್ಸಿನಲ್ಲಿರ್ತಿದ್ದೆ. ನನ್ನ ಮೇಲಿನ ನಂಬಿಕೆ ನಿನ್ನನ್ನ ಇಲ್ಲಿ ತಂದು ಕೂರಿಸ್ತಲ್ಲ.

ಶ್... ಕೇಳಿಸ್ತಾ? ಮೂಲೆ ಮನೆ ಹತ್ರ. ಅವನ ಕಾರೇ. ಸೈಲೆನ್ಸರ್ ಒಡೆದು ತಿಂಗಳಾಯ್ತು, ಸರಿ ಮಾಡಿಸ್ಕೊಂಡಿಲ್ಲ.

ಏಳು. ಏಳೇ! ಇಲ್ಲ, ತೊಳ್ಯೋದು ಬೇಡ. ತೊಳೀದೆ ಬಿಟ್ರೆ ಏನೂ ಆಗಲ್ಲ, ನಾನು ಹೇಳಿದ್ದು ಸುಳ್ಳು, ನಿಂಗೆ ಆಗಲೇ ಗೊತ್ತಿತ್ತು. ನೀನೇ ಅಲ್ವಾ ಕಲಿಸಿದ್ದು? ಇದು ಶಾಂಪೂ ಅಲ್ಲ ಮಿಸ್ ವರ್ನೆಲ್, ಅವಸರ ಇದ್ರೆ ಹಾಗೇ ಬಿಡಿ, ಇದ್ದಷ್ಟು ಹೊತ್ತು ಕೂದಲು ಮೆತ್ತಗೇ ಆಗತ್ತೆ ಅಂದಿದ್ದೆ. ಡೆಟ್ರಾಯಿಟ್ ತನಕ ಇರ್ಲಿ. ಅಕ್ಕ ತೊಳೀಲಿ.

ನನ್ನ ರುಮಾಲು ಕಟ್ಕೋ, ಟೋಪಿ ಮೇಲೆ. ಚರ್ಚಿಗೆ ಕಟ್ಟೋದು, ದೊಡ್ಡದಿದೆ. ರಾತ್ರಿ ಮಗುವಿಗೂ ಅದನ್ನೇ ಕಟ್ಟು, ಆ ಹಳದಿ ಟೋಪಿ ಹೋಯ್ತು ಅಂದ್ಕೋ. ಬ್ಯಾಗು ಮುಂದೆ ಇದೆ, ಬಿಟ್ಬಿಡು. ಅದನ್ನ ನೋಡಿದ್ರೆ ನೀನು ಇಲ್ಲೇ ಇದೀಯ ಅಂದ್ಕೋತಾನೆ. ಹಿತ್ತಲ ಬಾಗಿಲು. ಚಿಲಕ ಮೇಲಕ್ಕೆತ್ತಿ ಎಳಿ, ಸದ್ದಾಗಲ್ಲ. ಹಿಂದಿನ ಮನೆ ಟಿಬ್ಸ್ ಮುದುಕಿಯ ಅಂಗಳ ದಾಟಿದ್ರೆ ರಸ್ತೆ. ಸಿಮೋನ್ ಎಲ್ಲಿದಾಳೆ? ಬೇಡ, ಹೇಳ್ಬೇಡ. ನನ್ನ ಬಾಯಿ ನಿಲ್ಲಲ್ಲ, ಗೊತ್ತಾಯ್ತಲ್ಲ ಇವತ್ತು. ನಂಗೆ ಹೇಳ್ಬೇಡ.

ಕೈ ಬಿಡು. ಆಯ್ತು. ಆಯ್ತು ಮಗಳೇ... ಹೋಗು.

...

ತಲೆ ಎತ್ತಬೇಡ! ಎತ್ತಬೇಡ ಅಂದ್ನಲ್ಲ ತಮೇಕಾ, ಕಣ್ಣಿಗೆ ಹೋಗತ್ತೆ. ನೀರು ಬೆಚ್ಚಗಿದೆಯಾ? ಇನ್ನೊಂಚೂರು ಬಿಡ್ತೀನಿ ನಲ್ಲೀನ. ಹೂಂ, ಹೀಗೆ.

ಯಾರು? ಡ್ವೇನ್? ಬಂದ್ಯಾ ಮಗನೇ? ಜಗಲಿ ಮೇಲೇ ಕೂತಿರು. ಒಳಗೆ ಬರಬೇಡ, ತಲೆ ತೊಳೀತಿದೀವಿ. ಇದಾಳೆ, ಇಲ್ಲೇ ಇದಾಳೆ, ಬ್ಯಾಗು ಅಲ್ಲೇ ಇದೆಯಲ್ಲ, ಎಲ್ಲಿಗೆ ಹೋಗ್ತಾಳೆ? ಸಿಕ್ಕು ತುಂಬಾ ಇದೆ ಕಣೋ, ಹೊತ್ತಾಗತ್ತೆ. ಒಂದೊಂದೇ ಬಿಡಿಸ್ತಿದೀನಿ.

ಏನೇ ಅದು? ಯಾಕೆ ನಗ್ತೀಯ? ನೋಡೋ ಡ್ವೇನ್, ನಿನ್ನ ಹೆಂಡ್ತಿ ನಗ್ತಿದಾಳೆ, ನಾನು ಕಚಗುಳಿ ಇಟ್ಟೆ ಅಂತ. ನಿಂಗೆ ಕೇಳಿಸಲ್ಲ, ನೀರಿನ ಸದ್ದು... ಹಾಂ, ಸಿಮೋನ್ ಬಗ್ಗೆ ಹೇಳು ತಮೇಕಾ, ಮೊನ್ನೆ ಏನೋ ಹಾಡು ಕಲಿತ್ಲು ಅಂದ್ಯಲ್ಲ. ಹೌದಾ? ಅಬ್ಬಾ. ಆಮೇಲೆ?

ಇಲ್ಲಪ್ಪ, ಮಾತಾಡಲ್ಲ ಅವಳು. ತಲೆ ನೀರಲ್ಲಿದೆ. ಬಾಯಿಗೆ ನೀರು ಹೋಗತ್ತೆ. ಇನ್ನೊಂದರ್ಧ ಗಂಟೆ ಸುಮ್ನೆ ಕೂತ್ಕೋ, ಟೀ ಕೊಡ್ತೀನಿ. ಇಲ್ಲಿಂದಲೇ ಚಾಚ್ತೀನಿ, ನೀನು ಅಲ್ಲೇ... ಡ್ವೇನ್. ಅಲ್ಲೇ ನಿಲ್ಲು. ಅಮ್ಮ ಹೇಳ್ತಿದೀನಿ, ಹೊಸಿಲ ಆಚೆ ನಿಲ್ಲು. ಹೆಂಗಸರು ತಲೆ ಬಿಚ್ಚಿದಾರೆ. ಚಿಕ್ಕವನಿದ್ದಾಗ ನೀನೇ ಇಲ್ಲಿ ಕಾವಲು ಕೂರ್ತಿದ್ದೆಯಲ್ಲೋ, ಅಪ್ಪ ಬಂದ್ರೆ ಹೇಳ್ತೀನಿ ಅಂತ...

ದಾಟಿಬಿಟ್ಟೆಯಲ್ಲೋ.

ಏನು ನೋಡ್ತೀಯ? ಬರೀ ನೀರು. ನಿಮ್ಮಪ್ಪನೂ ಇದನ್ನ ದಾಟಿರ್ಲಿಲ್ಲ ಕಣೋ.