ಹರತಾಳ ಹಾಕಿದ ಮೆತ್ತನೆಯ ಮೀನಿನ ವಿಷಯವಾಗಿ ನನ್ನ ಹೇಳಿಕೆ

ನನ್ನ ಹೆಸರು ಶಿದ್ರಾಮ, ತಂದೆ ಗುಡ್ಡಪ್ಪ ಚಿತ್ರಗಾರ, ವಯಸ್ಸು 19 ವರ್ಷ, ಉದ್ಯೋಗ ಕಟ್ಟಿಗೆಯ ಬೊಂಬೆ ಮಾಡುವುದು, ಓದು ಕನ್ನಡ ನಾಲ್ಕನೇ ಇಯತ್ತೆ, ವಾಸ ಗೋಕಾಕ, ಹೊಳೆಗೆ ಹೋಗುವ ದಾರಿ. ಯಾರೂ ಹೇಳಿಕೊಡದೆ, ನನ್ನ ಕೈಯಿಂದಲೇ ಬರೆದು ಫೌಜದಾರ ಸಾಹೇಬರಿಗೆ ಈ ಮೂಲಕ ತಿಳಿಸುವುದೇನೆಂದರೆ:

ನಮ್ಮ ಮನೆಯಲ್ಲಿ ಕಟ್ಟಿಗೆಯ ಹಣ್ಣು ಕಾಯಿ ಮಾಡುತ್ತೇವೆ. ಬಂದವರು ಖರೆ ಹಣ್ಣೆಂದು ಕೈಗೆತ್ತಿಕೊಂಡರೆ ನಾವು ಸುಮ್ಮನಿರುತ್ತೇವೆ. ಅವರು ಕಚ್ಚಿ ನೋಡಿ ತಾವೇ ನಕ್ಕರೆ ನಮ್ಮ ಕೆಲಸ ಗೆದ್ದಂತೆ. ಇದು ಅಜ್ಜನ ಕಾಲದಿಂದ ಬಂದ ಪದ್ಧತಿ.

ಗಾಳ ಹಾಕುವ ಹೊಳೆಪ್ಪನವರ ಮನೆ ನಮ್ಮ ಮನೆಯಿಂದ ಒಂದೂವರೆ ಫರ್ಲಾಂಗ. ಕಳೆದ ತಿಂಗಳು ಅವರ ಗಾಳಕ್ಕೆ ಕಟ್ಟಿಗೆಯ ಸಣ್ಣ ಮೀನು ಮಾಡಿ ಕೊಟ್ಟಿದ್ದೆ. ‘ಚಂದ ಐತಿ ತಮ್ಮಾ, ಆದ್ರ ಹೊಳ್ಯಾನ ಮೀನಕ್ಕೂ ಹಲ್ಲ ಅದಾವು. ಕಟಗಿ ಕಚ್ಚಿ ಉಗಳಿ ಹೋಗ್ತಾವು. ಮೆತ್ತಗಂದ ಮಾಡು’ ಎಂದು ಅವರು ಹೇಳಿದರು.

ದಿನಾಂಕ 10-2-1959ರಂದು ತಂದೆಯವರು ಬೊಂಬೆ ಮಾರಲು ಹುಕ್ಕೇರಿಗೆ ಹೋದರು. ನಾನು ರಾಳ, ಜೇನುಮೇಣ, ಇಟ್ಟಿಗೆಯ ಪುಡಿ ಕೂಡಿಸಿ ಕರಗಿಸಿ, ಕಟ್ಟಿಗೆಯ ಮೀನನ್ನು ಒತ್ತಿ ಎರಡು ಹೋಳಿನ ಅಚ್ಚು ಮಾಡಿದೆ. ಎಣ್ಣೆ ಸವರುವುದು ಮರೆತು ಮೊದಲನೆಯದು ಅಂಟಿಕೊಂಡಿತು, ಬಾಲ ಮುರಿಯಿತು. ಎರಡನೆಯದು ಸರಿಯಾಯಿತು. ಛಾಪಖಾನೆಯವರು ಮಸಿ ಹಚ್ಚುವ ಉರುಳಿಯನ್ನು ಸರೇಸಿನ ಅಂಟು ಮತ್ತು ಬೆಲ್ಲದ ಕಾಕಂಬಿ ಕಾಸಿ ಎರೆಯುವುದನ್ನು ನಾನು ನೋಡಿದ್ದೆ. ಮರುದಿನ ಹಾಗೆಯೇ ಕಾಸಿ, ಅಚ್ಚು ಕರಗದಂತೆ ಸ್ವಲ್ಪ ಆರಿಸಿ, ಒಂದಾದ ಮೇಲೊಂದು ಐದು ಮೀನು ಎರೆದೆ. ಹಳದಿ ಬಣ್ಣಕ್ಕೆ ಅದರಲ್ಲಿ ಹರತಾಳದ ಕಲ್ಲು ಅರೆದು ಹಾಕಿದ್ದೆ. ಹರತಾಳ ವಿಷ. ಅರೆದ ಕೈಯಿಂದ ಊಟ ಮಾಡಬಾರದೆಂದು ತಂದೆಯವರು ಸಣ್ಣಂದಿನಿಂದ ಹೇಳಿದ್ದಾರೆ. ಆದ್ದರಿಂದ ಗೊತ್ತಿರಲಿಲ್ಲ ಎಂದು ನಾನು ಹೇಳಲಾರೆ.

ದಿನಾಂಕ 12ರಂದು ಮುಂಜಾನೆ 9 ಗಂಟೆಗೆ ಕೊನೆಯ ಮೀನಿನ ಅಚ್ಚು ಬಿಚ್ಚಿದೆ. ಬೆರಳಿನಿಂದ ಒತ್ತಿದರೆ ಮೀನು ತಗ್ಗಿ ಮತ್ತೆ ಏಳುತ್ತಿತ್ತು. ಎರಡು ಮೀನು ಮುತ್ತಲ ಎಲೆಯಲ್ಲಿ ಸುತ್ತಿಕೊಂಡು 10-15ಕ್ಕೆ ಹೊಳೆಪ್ಪನವರ ಮನೆಗೆ ಹೋದೆ. ಅವರು ಇರಲಿಲ್ಲ. ತಾಯಿ ಕರೆವ್ವನವರು ಕಟ್ಟೆಯ ಮೇಲೆ ಇದ್ದರು. ಅವರಿಗೆ ಸುಮಾರು 70 ವರ್ಷ, ಕಣ್ಣಿಗೆ ಪೊರೆ, ಬಾಯಲ್ಲಿ ಹಲ್ಲಿಲ್ಲ. ಮಿಠಾಯಿ ಮಾರುವ ತಾಜುದ್ದೀನ ಮಾಮಾ ಬುಟ್ಟಿ ಇಳಿಸಿ ನಿಂತಿದ್ದರು.

‘ನಿನ್ನ ಕರದಂಟ ತಿನ್ನಾಕ ನಿನ್ನವ ಎರಡ ಹಲ್ಲ ಕೊಡು’ ಎಂದು ಕರೆವ್ವನವರು ಕೇಳಿದರು. ‘ಹಲ್ಲ ಕೊಟ್ರ ನಮ್ಮನಿಯಾಕಿ ರಶೀದಾಬಿ ಮುಂದ ನಾ ನಗೂದ ಹೆಂಗ ಆಯಿ? ನಾಳಿ ಮೆತ್ತನ್ನ ಹಲ್ವಾ ತರ್ತೀನಿ’ ಎಂದು ಅವರು ಏನೂ ಕೊಡದೆ ಹೋದರು. ಬುಟ್ಟಿಯಲ್ಲಿ ಹಲ್ವಾ ಇರಲಿಲ್ಲ. ನಾನು ನೋಡಿದ್ದೇನೆ.

ಕಾಕಂಬಿಯ ವಾಸನೆಗೆ ಕರೆವ್ವನವರು ನನ್ನ ಕೈ ಹಿಡಿದು, ‘ನನಗ ತಂದಿ ಏನೋ?’ ಎಂದು ಒಂದು ಮೀನು ತೆಗೆದುಕೊಂಡರು. ನಾನು ಸುಮ್ಮನಿದ್ದೆ. ನಾಲಿಗೆಗೆ ಮುಟ್ಟಿದ ಕೂಡಲೇ ಗೊತ್ತಾಗಿ ನಗುತ್ತಾರೆಂದು ಕಾದೆ. ಕಟ್ಟಿಗೆಯಾಗಿದ್ದರೆ ನಗುತ್ತಿದ್ದರು. ‘ಬೆಲ್ಲದ್ದೈತಿ’ ಎಂದು ಇಪ್ಪತ್ತು ಎಣಿಸುವುದರೊಳಗೆ ನುಂಗಿದರು. ಆಮೇಲೆ ಹೇಳಲು ಬಾಯಿ ತೆರೆದೆ. ‘ಹಲ್ಲಿಲ್ಲದಾಕಿ ತ್ರಾಸ ನೀ ಒಬ್ಬಾಂವ ತಿಳಕೊಂಡಿ’ ಎಂದು ಅವರು ನನ್ನ ಗಲ್ಲ ಸವರಿ ಲಟಿಗೆ ಮುರಿದರು. ನನಗೆ ಹೇಳಲಾಗಲಿಲ್ಲ. ಇನ್ನೊಂದು ಮೀನನ್ನು ಮುಚ್ಚಿಕೊಂಡು ಮನೆಗೆ ಬಂದೆ.

ಮಧ್ಯಾಹ್ನ 2ಕ್ಕೆ ಅವರಿಗೆ ವಾಂತಿ ಶುರುವಾಯಿತು. 4-30ಕ್ಕೆ ದವಾಖಾನೆಯ ಮುಂದೆ ಹೊಳೆಪ್ಪನವರು ನನ್ನನ್ನು, ‘ನೀ ಏನೋ ಮೆತ್ತಗಂದ ಕೊಟ್ಟಿ ಅಂತಾಳ ಅವ್ವ. ಏನಪಾ ಅದು?’ ಎಂದು ಕೇಳಿದರು. ನಾನು, ‘ಹಲ್ವಾ. ತಾಜುದ್ದೀನ ಮಾಮಾ ಕೊಟ್ಟದ್ದು’ ಎಂದೆ. ಇದು ಸುಳ್ಳು. ನಾಲ್ಕೇ ಮಾತು ಆಡಿದ್ದು.

6 ಗಂಟೆಗೆ ಪೊಲೀಸರು ತಾಜುದ್ದೀನ ಮಾಮಾ ಅವರನ್ನು ಠಾಣೆಗೆ ಕರೆದೊಯ್ದರು. ಮಂದಿ ಕೂಡಿತ್ತು. ಅವರು ನನ್ನನ್ನು ನೋಡಿ, ‘ಹಲ್ವಾ ಇದ್ದಿದ್ದಿಲ್ರಿ, ಶಿದ್ರಾಮನ್ನ ಕೇಳ್ರಿ, ಅಂವ ಅಲ್ಲೇ ಇದ್ದ’ ಎಂದು ಕೂಗಿ ಹೇಳಿದರು. ನಾನು ಹಿಂದಿನ ಓಣಿಯಿಂದ ಹೋದೆ. 13ರಂದು ಇಡೀ ದಿನ ಮನೆಯಿಂದ ಹೊರಗೆ ಬರಲಿಲ್ಲ.

ಈ ದಿನ ಮುಂಜಾನೆ 7-10ಕ್ಕೆ ತಾಜುದ್ದೀನ ಮಾಮಾ ಅವರ ಹೆಂಡತಿ ರಶೀದಾಬಿಯವರು ನಮ್ಮ ಮನೆಗೆ ಬಂದರು. ಕೈಯಲ್ಲಿ ನಾಲ್ಕು ಹಾಳೆ ಕಾಗದ ಇತ್ತು. ‘ಬೇಟಾ, ನೀ ಸಾಲಿ ಕಲ್ತಾಂವ. ನನ್ನ ಗಂಡ ತಪ್ಪ ಮಾಡಿಲ್ಲಂತ ಸಾಹೇಬರಿಗೆ ಒಂದ ಅರ್ಜಿ ಬರದ ಕೊಡು’ ಎಂದು ಹೇಳಿ ಹೊರಗೆ ಕಟ್ಟೆಯ ಮೇಲೆ ಕುಳಿತರು. ಈಗಲೂ ಕುಳಿತಿದ್ದಾರೆ. ನಾನು ಬರೆಯುತ್ತಿರುವುದು ಅವೇ ಹಾಳೆಗಳ ಮೇಲೆ.

ಕರೆವ್ವನವರಿಗೆ ಇನ್ನೂ ಎಚ್ಚರವಿಲ್ಲವೆಂದು ಕೇಳಿದ್ದೇನೆ. ಅವರ ಹೊಟ್ಟೆಗೆ ಹೋದದ್ದು ಹರತಾಳ ಎಂದು ಮೊದಲು ಡಾಕ್ಟರರಿಗೆ ತಿಳಿಸಬೇಕು. ಅಚ್ಚು ಮತ್ತು ಉಳಿದ ನಾಲ್ಕು ಮೀನು ಇದರ ಸಂಗಡ ತರುತ್ತಿದ್ದೇನೆ. ತಾಜುದ್ದೀನ ಮಾಮಾ ಅವರನ್ನು ಬಿಡಬೇಕು.

ಮೇಲೆ ಬರೆದದ್ದು ಖರೆ. ಇದನ್ನು ರಶೀದಾಬಿಯವರಿಗೆ ಓದಿ ಹೇಳಿ ಆಮೇಲೆ ಅವರ ಜೊತೆಯೇ ಠಾಣೆಗೆ ಬರುತ್ತೇನೆ.

ಸ್ಥಳ: ಗೋಕಾಕ
ದಿನಾಂಕ: 14-2-1959
ಸಹಿ: ಶಿದ್ರಾಮ ಗುಡ್ಡಪ್ಪ ಚಿತ್ರಗಾರ