ಬದಲಿಸಿಕೊಂಡ ಕುರ್ಚಿ

ಬೇಲಾಪುರದ ಸೆಲ್ಯುಲರ್ ಆಟೊಮೇಟಾ ಎಂಬ ಚೌಕುಳಿ ಗಣಕ ಮಾದರಿಗಳ ಸಭೆಯಲ್ಲಿ ಪರಿಚಯದ ಸುತ್ತು ಮುಗಿದಿತ್ತು. ಚಹಾದ ಸಾಲಿನಲ್ಲಿ ಸಭೆಗೆ ಬಂದಿದ್ದ ಅನುಷ್ಕಾಳ ಮುಂದೆಯೇ ಗೆಳತಿಯರಿಬ್ಬರು, ನಿಶ್ಮಿತಾ ಮತ್ತು ಸಂಯುಕ್ತಾ. ಮೊದಲು ಕೇಳಿದವಳು ನಿಶ್ಮಿತಾ.

"ಡೊಂಬಿವಲಿ ಪ್ಲಾಟ್‌ಫಾರ್ಮಿನ ಗರ್ದಿಯ ಮಾಡೆಲ್ ಕಟ್ಟಿದ್ದು ನಾನಲ್ವಾ?"

"ಹೂಂ ಕಣೇ, ನೀನೇ."

"ಮತ್ತೆ ಎದ್ದು ನಿಂತು ನಿನ್ನದು ಅಂತ ಎಂತಕ್ಕೆ ಹೇಳಿದೆ ಮಾರಾಯ್ತಿ?"

"ಗಾಬರೀಲಿ ಬಾಯಿಗೆ ಬಂದದ್ದು ಹೇಳ್ಬಿಟ್ಟೆ. ನೀನೂ ಹೇಳ್ಬಹುದಿತ್ತು."

"ನಿನ್ನ ನಂತರ ಹೇಳಿದ್ರೆ ಕಳ್ಳಿ ನಾನೇ ಆಗ್ತಿದ್ದೆ. ಬರೀ ಹೆಸರು ಹೇಳಿ ಕೂತೆ. ಈಗ ಸಭೆ ನಡೆಸೋ ಸರ್ ತಮ್ಮ ತಂಡಕ್ಕೆ ಕರೆದದ್ದು ನಿನ್ನನ್ನು."

"ಕುರ್ಚಿ ಸಾಲಿನಂತೆ ನನ್ನ ಸರದಿ ಮೊದಲು ಬಂತು, ಏನ್ಮಾಡ್ಲಿ?"

"ಎಸಿ ತಡೆಯೋದಿಲ್ಲ ಅಂತ ನನ್ನ ಕುರ್ಚಿ ಕೇಳಿ ತಗೊಂಡದ್ದು ಯಾರು?"

ಸಂಯುಕ್ತಾ ಎರಡು ಕಪ್ ಚಹಾ ಎತ್ತಿಕೊಂಡಳು.

"ಸಂಜೆ ಲೋಕಲ್ ರೈಲಲ್ಲಿ ಒಟ್ಟಿಗೆ ಹೋಗೋಣ, ಅಲ್ವಾ?"

"ನೀನು ಮೊದಲು ಹೋಗು. ನಿಂಗೆ ರೂಢಿ ಉಂಟಲ್ಲ."

ನಿಶ್ಮಿತಾ ಸಾಲು ಬಿಟ್ಟು ಹೊರನಡೆದಳು. ಸಂಯುಕ್ತಾ ಚಹಾ ತುಳುಕಿಸುತ್ತ ಅವಳ ಹಿಂದೆಯೇ ಓಡಿದಳು.